ಮಂತ್ರಗಾತಿಯ ಎರಡನೇ ದೂರನೋಟ

ಮಣಿಗಳು ಮೇಜಿನ ಕೆಳಗೆಲ್ಲ ಚೆಲ್ಲಿ ಹೋಗಿದ್ದವು. ನಾನು ಮಂಡಿಯೂರಿ ಒಂದೊಂದನ್ನೇ ಹೆಕ್ಕಿ ಬಟ್ಟಲುಗಳಿಗೆ ಹಾಕುತ್ತಿದ್ದೆ. ಕೆಂಪು ಮಣಿ ಕಾವಲುಗಾರನ ಬಟ್ಟಲಿಗೆ, ನೀಲಿ ಮಂತ್ರಗಾತಿಯದಕ್ಕೆ, ಕಪ್ಪು ನೆರಳಿಗನದಕ್ಕೆ, ಹಸಿರು ಮದ್ದಿನವಳದಕ್ಕೆ. ಮೇಜಿನ ಸುತ್ತ ಐದು ಜನ ಇದ್ದರು.

ಮೇಜಿನ ಕೆಳಗಿನಿಂದ ನೋಡಿದರೆ ಜನರೆಂದರೆ ಬರೀ ಕಾಲುಗಳು. ಪ್ರೆಸ್ ಮ್ಯಾನೇಜರರ ಪಾಲಿಷ್ ಹಾಕಿದ ಬೂಟು ನೆಲ ತಟ್ಟುತ್ತಿತ್ತು. ಟೈಲರಕ್ಕನ ಹಿಮ್ಮಡಿಗೆ ಬಿಳಿ ನೂಲಿನ ತುಂಡೊಂದು ಅಂಟಿತ್ತು. ಇನ್‌ಸ್ಪೆಕ್ಟರ್ ಮೇಡಂ ಅವರ ಬೂಟುಗಳು ಅಲುಗಾಡದೆ ಜೋಡಿಯಾಗಿದ್ದವು. ದೊಡ್ಡಪ್ಪನ ಒಂದು ಕಾಲಲ್ಲಿ ಕಂದು ಚಪ್ಪಲಿ, ಇನ್ನೊಂದರಲ್ಲಿ ಕಪ್ಪು ಚಪ್ಪಲಿ. ಬೆಳಿಗ್ಗೆ ಪೊಲೀಸರು ಬಂದರೆಂಬ ಗಡಿಬಿಡಿಯಲ್ಲಿ ಸಿಕ್ಕಿದ್ದು ಮೆಟ್ಟಿಕೊಂಡಿರಬೇಕು ಅಂದುಕೊಂಡೆ. ಕೊನೆಯದು ಅಣ್ಣನ ಕಾಲು.

ಮಣಿಗಳನ್ನು ಚೆಲ್ಲಿದ್ದು ಅಣ್ಣನ ಮೊಣಕೈ. ಎರಡು ನಿಮಿಷದ ಹಿಂದೆ ಅವನು ಧಡಕ್ಕನೆ ಎದ್ದು ನಿಂತು, “ಪುಸ್ತಕ ತಗೊಂಡಿದ್ದು ನಾನೇ” ಎಂದಿದ್ದ.

ಆ ಪುಸ್ತಕ ದೊಡ್ಡಪ್ಪ ಹನ್ನೊಂದು ವರ್ಷ ಕೂತು ಕಟ್ಟಿದ ಆಟದ ನಿಯಮಗಳ ಒಂದೇ ಒಂದು ಕೈಬರಹದ ಪ್ರತಿ. ಬುಧವಾರ ಮಧ್ಯಾಹ್ನ ದೊಡ್ಡಪ್ಪ ಕರಾರಿಗೆ ಸಹಿ ಹಾಕಿದ ಮೇಲೆ ಪ್ರೆಸ್‌ನವರದಾಗಿದ್ದ ಅದು, ಅದೇ ಸಂಜೆ ಪಕ್ಕದ ಕೋಣೆಯ ಬೀಗ ಹಾಕಿದ ಬೀರುವಿನಿಂದ ಮಾಯವಾಗಿತ್ತು.

“ಎಲ್ಲಿಟ್ಟಿದ್ದೀರಿ?” ಮೇಡಂ ಕೇಳಿದರು.

“ಇಟ್ಟಿದ್ದೀನಿ ಎಲ್ಲೋ.”

“ಎಲ್ಲೋ ಅನ್ನೋ ಜಾಗ ನಮ್ಮ ಠಾಣೆ ವ್ಯಾಪ್ತಿಗೆ ಬರಲ್ಲ. ಸರಿಯಾಗಿ ಹೇಳಿ.”

ಅಣ್ಣ ತಲೆ ತಗ್ಗಿಸಿದ. ನಾನು ಕೊನೆಯ ಕಪ್ಪು ಮಣಿಯನ್ನು ಹೆಕ್ಕಿಕೊಂಡು ಎದ್ದೆ.

ಅಣ್ಣ ಬೀಗ ರಿಪೇರಿ ಮಾಡುವವನು. ಪೇಟೆಯ ಅರ್ಧ ಬಾಗಿಲುಗಳ ಗುಟ್ಟು ಅವನ ಬೆರಳ ತುದಿಯಲ್ಲಿದೆ. ಬೀಗ ಕೆಟ್ಟಾಗ ಜನ ಅವನನ್ನು ಮಲಗುವ ಕೋಣೆಯ ತನಕ ಬಿಟ್ಟುಕೊಳ್ಳುತ್ತಾರೆ, ಚಹಾ ಕೊಡುತ್ತಾರೆ, ತಾವು ಅಡುಗೆಮನೆಯಲ್ಲಿ ನಿಶ್ಚಿಂತೆಯಿಂದ ಇರುತ್ತಾರೆ. ಇಂಥವನ ಮೇಲೆ ಕಳ್ಳ ಎಂಬ ಹೆಸರು ಒಂದೇ ಒಂದು ಸಲ ಬಿದ್ದರೆ ಮುಗಿಯಿತು. ಮತ್ತೆ ಯಾರೂ ಅವನನ್ನು ಹೊಸ್ತಿಲು ದಾಟಿಸುವುದಿಲ್ಲ. ಅದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೇಳಿದ್ದ.

“ಇನ್ನೇನು ಬೇಕು ಮೇಡಂ?” ಮ್ಯಾನೇಜರ್ ಕೈ ಚೆಲ್ಲಿದರು. “ಆಟದಲ್ಲೂ ಕಳ್ಳನ ಪಾತ್ರ, ಮನೇಲೂ ಅದೇ. ಹುಟ್ಟುಗುಣ.”

“ನೆರಳಿಗ ಕಳ್ಳ ಅಲ್ಲ,” ದೊಡ್ಡಪ್ಪ ಮೆಲ್ಲಗೆ ಅಂದರು. “ಎಷ್ಟು ಸಲ ಹೇಳೋದು ನಿಮಗೆ.”

ಮೇಡಂ ಹೇಳಿಕೆಯ ಹಾಳೆಯನ್ನು ಅಣ್ಣನ ಮುಂದೆ ಸರಿಸಿದವರು ಪೆನ್ನು ಕೊಡದೆ ನಿಂತರು. “ಒಂದ್ನಿಮಿಷ. ನಂಗೆ ಈ ಆಟದ ತಲೆಬುಡ ಗೊತ್ತಿಲ್ಲ. ಯಾರು ಏನು, ಯಾರಿಗೆ ಏನು ಶಕ್ತಿ, ಯಾರಾದ್ರೂ ಬಿಡಿಸಿ ಹೇಳಿ.” ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. ಮೇಡಂ ಮಾತ್ರ ನನ್ನ ಕೈಯಲ್ಲಿದ್ದ ಬಟ್ಟಲುಗಳನ್ನೇ ನೋಡುತ್ತಿದ್ದರು. “ನೀನು ಹೇಳಮ್ಮ.”

“ಅವಳಾ?” ಮ್ಯಾನೇಜರ್ ನಕ್ಕರು. “ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಂಟು ಕಲಸೋದು, ಕಾರ್ಡ್ ಕತ್ತರಿಸೋದು ಬಿಟ್ರೆ ಇನ್ನೇನೂ ಬರಲ್ಲ. ಬಾಯಿಗೆ ಬಿದ್ದಿರೋ ಬೀಗಾನ ಅವಳಣ್ಣನ ಕೈಲೂ ತೆಗೆಯೋಕಾಗಿಲ್ಲ.”

“ಅದಕ್ಕೇ ಅವಳನ್ನ ಕೇಳ್ತಿರೋದು. ಮಾತು ಕಮ್ಮಿ ಇರೋರು ನೋಡಿರೋದು ಜಾಸ್ತಿ.”

ಮಾತಿಗಿಂತ ಬಟ್ಟಲು ಜೋಡಿಸುವುದು ಸುಲಭ. ನಾಲ್ಕನ್ನೂ ಸಾಲಾಗಿ ಇಟ್ಟೆ.

“ಕಾವಲುಗಾರನಿಗೆ ಒಂಬತ್ತು ಮಣಿ,” ಎಂದೆ. “ಮಣಿ ಅಂದ್ರೆ ಜೀವ. ಎಲ್ಲರಿಗಿಂತ ಜಾಸ್ತಿ ಅವನಿಗೇ. ಅವನ ಶಕ್ತಿ ಏಟು ಹೊರೋದು. ಜೊತೆಯವರ ಮೇಲೆ ಬೀಳೋ ಏಟನ್ನ ತಾನು ತಗೋಬಹುದು. ಆದ್ರೆ ನಿಧಾನ. ಓಡೋಕೆ ಬರಲ್ಲ.”

“ಅದು ನಾನು,” ಎಂದರು ಮ್ಯಾನೇಜರ್.

“ಮಂತ್ರಗಾತಿಗೆ ಐದು. ದೂರನೋಟ ಅವಳ ಶಕ್ತಿ. ಮುಚ್ಚಿದ ಬಾಗಿಲ ಹಿಂದೆ ಏನಿದೆ ಅಂತ ನೋಡಬಹುದು. ನೋಡಿದ ಮೇಲೆ ಒಂದು ಸುತ್ತು ಅವಳಿಗೆ ಕಣ್ಣು ಕಾಣಲ್ಲ.”

“ಅದು ನಾನು. ಸೂಜಿಗೆ ದಾರ ಪೋಣಿಸೋಕೇ ಕನ್ನಡಕ ಬೇಕು, ಆಟದಲ್ಲಾದ್ರೂ ದೂರ ಕಾಣ್ಲಿ ಅಂತ,” ಎಂದಳು ಟೈಲರಕ್ಕ. ಯಾರೂ ನಗಲಿಲ್ಲ.

“ನೆರಳಿಗನಿಗೆ ಮೂರೇ ಮಣಿ. ಒಂದು ಏಟಿಗೆ ಅರ್ಧ ಪ್ರಾಣ ಹೋಗತ್ತೆ. ಅವನು ಮುಟ್ಟಿದ ಬೀಗ ತೆರೆಯತ್ತೆ. ಆದ್ರೆ ತೆರೆದ ಕಡೆಯೆಲ್ಲ ಅವನ ಒಂದು ಗುರುತು ಉಳಿಯತ್ತೆ. ಅಳಿಸೋಕಾಗಲ್ಲ.”

“ಮತ್ತೆ ಈ ಹಸಿರು?”

“ಮದ್ದಿನವಳು. ಯಾರ ಗಾಯ ಬೇಕಾದ್ರೂ ವಾಸಿ ಮಾಡಬಹುದು, ತನ್ನದನ್ನ ಬಿಟ್ಟು. ಆದ್ರೆ ಗಾಯದ ಹೆಸರನ್ನ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಹೇಳದೆ ಮದ್ದು ಹತ್ತಲ್ಲ.”

“ಅವಳನ್ನ ಯಾರು ಆಡೋದು?”

“ನಾನು.”

“ಇವಳು ಹೆಸರು ಹೇಳೋ ಹೊತ್ತಿಗೆ ನಾವೆಲ್ಲ ಸತ್ತು ಎರಡು ಸುತ್ತಾಗಿರತ್ತೆ ಮೇಡಂ,” ಎಂದಳು ಟೈಲರಕ್ಕ. ಈ ಸಲ ಅಣ್ಣನ ತುಟಿಯ ಅಂಚು ತುಸು ಅಲುಗಿತು.

ಮೇಡಂ ಬಟ್ಟಲುಗಳ ಮೇಲೆ ಬೆರಳಾಡಿಸಿದರು. “ಇದರಲ್ಲಿ ಯಾರು ದೊಡ್ಡವರು?”

ಆ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ, ಹನ್ನೆರಡು ವರ್ಷದವಳಿದ್ದಾಗ. ಯಾರು ದೊಡ್ಡವರು ಅಂತ ಕೇಳಬೇಡ ಮಗಳೇ, ಯಾರಿಗೆ ಯಾರು ಬೇಕು ಅಂತ ಕೇಳು ಎಂದಿದ್ದರು ದೊಡ್ಡಪ್ಪ. ಒಬ್ಬನಿಗೆ ಶಕ್ತಿ ಕೊಟ್ಟರೆ ಅದರ ಬೆನ್ನಿಗೇ ಒಂದು ಕುಂದು ಕೊಡಬೇಕು, ಇಲ್ಲದಿದ್ದರೆ ಅವನು ಪಕ್ಕದವನ ಮುಖ ನೋಡುವುದಿಲ್ಲ ಎಂದೂ ಹೇಳಿದ್ದರು. ಅದನ್ನು ಮೇಡಂಗೆ ಹೇಳಬೇಕೆನಿಸಿತು, ಹೇಳಲಿಲ್ಲ. ದೊಡ್ಡಪ್ಪನೇ ಹೇಳುತ್ತಾರೇನೋ ಎಂದು ಅವರತ್ತ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಮೂಲೆಯ ಸ್ಟೂಲಿನಿಂದ ನಾಲ್ಕು ವರ್ಷ ನೋಡಿದವಳಿಗೆ ಇನ್ನೊಂದು ಸಂಗತಿಯೂ ತಿಳಿದಿತ್ತು. ಮ್ಯಾನೇಜರ್ ಒಂಬತ್ತು ಮಣಿಗಳನ್ನು ಬಟ್ಟಲಲ್ಲಿ ಕುಲುಕುತ್ತಾ ಕೂರುತ್ತಾರೆ, ಒಂದು ಏಟನ್ನೂ ಹೊರುವುದಿಲ್ಲ. ಮೂರೇ ಮಣಿಯ ಅಣ್ಣ ಮಾತ್ರ ಪ್ರತಿ ಸಲ ಟೈಲರಕ್ಕನ ಮುಂದೆಯೋ ನನ್ನ ಮುಂದೆಯೋ ಬಂದು ನಿಲ್ಲುತ್ತಾನೆ, ಮೊದಲು ಸಾಯುತ್ತಾನೆ. ನೀನು ತಪ್ಪು ಪಾತ್ರ ತಗೊಂಡಿದ್ದೀಯ ಕಣೋ ಎಂದು ದೊಡ್ಡಪ್ಪ ಬೈಯುತ್ತಿದ್ದರು.

ಈಗಲೂ ಅವನು ಅದನ್ನೇ ಮಾಡುತ್ತಿದ್ದಾನೆ ಅನಿಸಿತು. ಯಾರದೋ ಏಟಿಗೆ ಬೆನ್ನು ಕೊಡುತ್ತಿದ್ದಾನೆ. ಯಾರದು?

“ಸಹಿ ಹಾಕಿ,” ಮೇಡಂ ಪೆನ್ನು ಚಾಚಿದರು.

“ಅವನು ಬೀರು ಮುಟ್ಟಿಲ್ಲ,” ಎಂದೆ.

ಎಲ್ಲರೂ ತಿರುಗಿದರು. ನನ್ನ ದನಿ ನನಗೇ ಬೇರೆ ಯಾರದೋ ದನಿಯಂತೆ ಕೇಳಿತು.

“ಪುಟ್ಟೀ, ಸುಮ್ನಿರು,” ಎಂದ ಅಣ್ಣ.

“ಅಣ್ಣ ಯಾವ ಬೀಗ ಮುಟ್ಟಿದ್ರೂ ಮೊದಲು ಪೆನ್ಸಿಲ್ ಸೀಸದ ಪುಡಿ ಊದ್ತಾನೆ. ಒಣಗಿದ ಬೀಗಕ್ಕೆ ಕಡ್ಡಿ ಹಾಕೋದು ಹಸಿ ಗಾಯಕ್ಕೆ ಕೈ ಹಾಕಿದ ಹಾಗೆ ಅಂತಾನೆ. ನಮ್ಮ ಮನೆ ಟ್ರಂಕಿಗೂ ಹಾಗೇ ಮಾಡೋದು. ಅವನ ಅಂಗಿ ಜೇಬು ನೋಡಿ, ಯಾವಾಗ್ಲೂ ಕಪ್ಪು. ಒಗೆಯೋಳು ನಾನು.”

“ಅದಕ್ಕೆ?”

“ಪುಡಿ ಹಾಕಿದ ಬೀಗ ಸದ್ದು ಮಾಡಲ್ಲ. ಬುಧವಾರ ಸಂಜೆ ಐದೂವರೆಗೆ ಎಲ್ಲರೆದುರು ಬೀರು ತೆಗೆದಾಗ ಕಿರ್ರ್ ಅಂತು. ಟೈಲರಕ್ಕ ಕಿವಿ ಮುಚ್ಕೊಂಡ್ರು.”

“ಹೌದು ಮೇಡಂ. ಹಲ್ಲು ಜುಂ ಅಂತು.”

ಮೇಡಂ ಪಕ್ಕದ ಕೋಣೆಗೆ ಹೋದರು. ಬೀರುವಿನ ಕೀಲಿ ತಿರುಗಿದ ಸದ್ದು ನಮಗೆಲ್ಲ ಕೇಳಿತು. ಕಿರ್ರ್. ವಾಪಸು ಬಂದವರು ಕರವಸ್ತ್ರದ ತುದಿಯನ್ನು ಬೆಳಕಿಗೆ ಹಿಡಿದಿದ್ದರು. ಕೀಲಿಯ ತೂತಿಗೆ ತುರುಕಿ ತೆಗೆದ ತುದಿ. ತುಕ್ಕಿನ ಕಂದು ಬಣ್ಣ ಮಾತ್ರ ಇತ್ತು, ಕಪ್ಪಿರಲಿಲ್ಲ.

“ಹಾಗಾದ್ರೆ ಕೀಲಿಯಿಂದಲೇ ತೆಗೆದಿದ್ದು,” ಎಂದರು. “ಕೀಲಿ ಎರಡು. ಒಂದು ನಿಮ್ಮ ದೊಡ್ಡಪ್ಪನ ಹತ್ರ. ಇನ್ನೊಂದು...”

“ನನ್ನ ಹತ್ರ!” ಮ್ಯಾನೇಜರರ ಬೂಟು ತಟ್ಟುವುದನ್ನು ನಿಲ್ಲಿಸಿತು. “ನನ್ನ ಪುಸ್ತಕ ನಾನೇ ಯಾಕೆ ಕದೀಲಿ? ಏನಮ್ಮ ಹುಡುಗಿ, ಹೇಳು!”

ಇಲ್ಲಿಯ ತನಕ ಬಂದ ಮೇಲೆ ಹಿಂದೆ ಹೋಗುವ ದಾರಿ ಇರಲಿಲ್ಲ.

“ನೀವು ಹಳೇ ನಿಯಮಕ್ಕೇ ಅಚ್ಚಿನ ಪ್ಲೇಟ್ ಮಾಡಿಸಿಟ್ಟಿದ್ರಿ,” ಎಂದೆ, ಅವರ ಬೂಟನ್ನು ನೋಡುತ್ತಾ. “ದೊಡ್ಡಪ್ಪ ಒಂದೊಂದು ಸಲ ಬದಲಾಯಿಸಿದಾಗಲೂ ಕೂಗಾಡ್ತಿದ್ರಿ. ಪುಸ್ತಕ ಇಲ್ಲದೇ ಹೋದ್ರೆ ಹಳೇದೇ ಅಚ್ಚಾಗತ್ತೆ.”

“ಓಹೋ!”

“ಬುಧವಾರ ನಾಲ್ಕು ಗಂಟೆಗೆ ಫೋನ್ ಬಂತು ಅಂತ ಹೊರಗೆ ಹೋದ್ರಿ. ನಾಲ್ಕು ಗಂಟೆ ಐದು ನಿಮಿಷಕ್ಕೆ ದೊಡ್ಡಪ್ಪ ಆಟ ನಿಲ್ಲಿಸಿ ಒಂದು ನಿಯಮ ಬದಲಾಯಿಸಿದ್ರು. ಮಂತ್ರಗಾತಿಗೆ ದೂರನೋಟ ಎರಡು ಸಲ ಇದ್ದದ್ದು ಒಂದೇ ಸಲ ಆಯ್ತು. ನಾನೇ ಪಟ್ಟಿ ಅಂಟಿಸಿದ್ದು.”

ಅದು ನಮ್ಮ ಮನೆಯ ಪದ್ಧತಿ. ನಿಯಮ ಬದಲಾದರೆ ಎಲ್ಲರೂ ಕೈ ಎತ್ತಿ ಕೂರಬೇಕು. ನಾನು ಬಿಳಿ ಕಾಗದದ ಪಟ್ಟಿ ಕತ್ತರಿಸಿ ಪ್ರತಿಯೊಬ್ಬರ ಹಾಳೆಯ ಹಳೆಯ ಸಂಖ್ಯೆಯ ಮೇಲೆ ಅಂಟಿಸುತ್ತೇನೆ. ಅದರ ಮೇಲೆ ಹೊಸ ಸಂಖ್ಯೆಯನ್ನು ಅವರವರೇ ಬರೆಯುತ್ತಾರೆ. ಬರೆದ ಕೈ ಮರೆಯುವುದಿಲ್ಲ ಎನ್ನುತ್ತಿದ್ದರು ದೊಡ್ಡಪ್ಪ.

ನಾಲ್ಕು ಹಾಳೆಗಳನ್ನೂ ಮೇಡಂ ಮುಂದೆ ಹರಡಿದೆ. ಟೈಲರಕ್ಕನ ಪಟ್ಟಿಯ ಮೇಲೆ ಒಂದು ಎಂಬ ಅಂಕಿ, ಅಣ್ಣನದರ ಮೇಲೆ ಒಂದು, ನನ್ನದರ ಮೇಲೆ ಒಂದು. ಮ್ಯಾನೇಜರರ ಪಟ್ಟಿ ಖಾಲಿ.

“ಇದು ಆಟದ ದಿನಚರಿ.” ಉದ್ದನೆಯ ಪುಸ್ತಕವನ್ನು ಬಿಡಿಸಿದೆ. ದೊಡ್ಡಪ್ಪನ ಕೈ ನಡುಗಲು ಶುರುವಾದ ಮೇಲೆ ದಿನಚರಿ ಬರೆಯುವುದಿಲ್ಲ, ರಬ್ಬರ್ ಮುದ್ರೆ ಒತ್ತುತ್ತಾರೆ. ಕತ್ತಿ ಎಂದರೆ ಕಾವಲುಗಾರ, ಕಣ್ಣು ಮಂತ್ರಗಾತಿ, ಕೀಲಿ ನೆರಳಿಗ, ಎಲೆ ಮದ್ದಿನವಳು. ಪಕ್ಕದಲ್ಲಿ ಗಂಟೆ, ನಿಮಿಷ. “ಅಣ್ಣ ನಾಲ್ಕೂ ನಲವತ್ತಕ್ಕೆ ಎದ್ದು ಹೋದ ಅಂತ ಇರೋದು ಈ ಪುಟದಲ್ಲೇ. ಇದನ್ನ ನಂಬಿಯೇ ನೀವು ಮೊದಲು ಅವನ ಮೇಲೆ ಅನುಮಾನ ಪಟ್ಟಿದ್ದು. ಮೇಲೆ ನೋಡಿ. ಮೂರೂ ಕಾಲಿಗೆ ಕಣ್ಣಿನ ಮುದ್ರೆ. ನಾಲ್ಕೂವರೆಗೆ ಇನ್ನೊಂದು ಕಣ್ಣು. ಎರಡನೇ ದೂರನೋಟ. ನಿಯಮ ಬದಲಾಗಿ ಇಪ್ಪತ್ತೈದು ನಿಮಿಷ ಆದ ಮೇಲೆ ಅದು ಹೇಗೆ ನಡೆಯತ್ತೆ? ಈ ಪುಟ ಸುಳ್ಳು. ನಿಯಮ ಬದಲಾಗಿದ್ದು ಗೊತ್ತಿಲ್ಲದವರು ಆಮೇಲೆ ಕೂತು ಒತ್ತಿದ್ದು. ಗೊತ್ತಿಲ್ಲದವರು ಒಬ್ಬರೇ.”

ಇಷ್ಟುದ್ದ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ. ಒಳಗೆಲ್ಲೋ ಒಂದು ಸಣ್ಣ ಹೆಮ್ಮೆ ತಲೆಯೆತ್ತಿತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಮ್ಯಾನೇಜರ್ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ದಿನಚರಿಯನ್ನು ತಮ್ಮತ್ತ ಎಳೆದುಕೊಂಡು ಕನ್ನಡಕ ಏರಿಸಿ ಓದಿದರು. ಆಮೇಲೆ ಬೆರಳಿಟ್ಟು ತೋರಿಸಿದರು.

“ನಾಲ್ಕರಿಂದ ನಾಲ್ಕೂ ಮೂವತ್ತೈದರ ತನಕ ಒಂದಾದ್ರೂ ಕತ್ತಿ ಮುದ್ರೆ ಇದ್ಯಾ, ನೋಡು.”

ನೋಡಿದೆ. ಇರಲಿಲ್ಲ.

“ನಾನೇ ಸುಳ್ಳು ಪುಟ ಮಾಡಿದ್ರೆ, ನಾನು ಇಲ್ಲೇ ಇದ್ದೆ ಅಂತ ನಾಲ್ಕು ಕತ್ತಿ ಒತ್ತಿಕೊಳ್ತಿರಲಿಲ್ವೇನಮ್ಮ? ಊರಿಗೆಲ್ಲ ಕಾಣೋ ಹಾಗೆ ಖಾಲಿ ಬಿಡ್ತಿದ್ನಾ? ಅಷ್ಟು ದಡ್ಡನ ಹಾಗೆ ಕಾಣ್ತೀನಾ?”

“ಅವರು ರಸ್ತೇಲೇ ನಿಂತಿದ್ರು,” ಮೇಡಂ ನನ್ನ ಕಡೆ ತಿರುಗಿದರು. ದನಿಯಲ್ಲಿ ಮರುಕವಿತ್ತು. “ಎದುರಿನ ಚಪ್ಪಲಿ ಅಂಗಡಿಯವರು ಪೂರ್ತಿ ಹೊತ್ತು ನೋಡಿದ್ದಾರೆ. ಫೋನಲ್ಲಿ ಯಾರನ್ನೋ ಬೈತಿದ್ರಂತೆ. ಮೊದಲ ದಿನವೇ ವಿಚಾರಿಸಿದ್ದೀನಿ.”

ಹೆಮ್ಮೆ ಎಲ್ಲಿತ್ತೋ ಅಲ್ಲೇ ಮುದುಡಿತು.

“ಹಾಗಾದ್ರೆ ಎರಡನೇ ಕಣ್ಣು?” ಎಂದೆ. “ಅದು ಹೇಗೆ ಬಂತು?”

ಟೈಲರಕ್ಕ ತನ್ನ ಹಾಳೆಯ ಮೇಲೆ ಅಂಗೈ ಇಟ್ಟಿದ್ದಳು, ಪಟ್ಟಿಯನ್ನು ಮುಚ್ಚುವ ಹಾಗೆ. ಯಾವಾಗ ಇಟ್ಟಳೋ ನಾನು ಗಮನಿಸಿರಲಿಲ್ಲ.

“ಪುಟ ಸುಳ್ಳಲ್ಲ ಕಣೇ,” ಎಂದಳು ಕೊನೆಗೆ. “ನಾನೇ ಕೇಳಿದ್ದು. ನೀನು ಅಂಟಿನ ಬಟ್ಟಲು ತೊಳೆಯೋಕೆ ಒಳಗೆ ಹೋಗಿದ್ದೆ. ನಂಗೆ ಅಭ್ಯಾಸ ಬಲ, ದೂರನೋಟ ಹಾಕ್ತೀನಿ ಅಂದುಬಿಟ್ಟೆ. ಅಂದ ಮೇಲೆ ನೆನಪಾಯ್ತು, ನಾಲಿಗೆ ಕಚ್ಕೊಂಡೆ. ಬೈಸ್ಕೋತೀನಿ ಅಂತ ಕಾದೆ.”

“ಅಕ್ಕಾ, ಬೇಡ,” ಎಂದ ಅಣ್ಣ.

“ನಿಮ್ಮ ದೊಡ್ಡಪ್ಪ ಬೈಲಿಲ್ಲ. ಹಾಕು ಅಂದ್ರು. ಬಾಗಿಲ ಹಿಂದೆ ಏನಿದೆ ಅಂತ ಹೇಳಿದ್ರು. ಮುದ್ರೆ ಒತ್ತಿದ್ರು.” ಟೈಲರಕ್ಕ ಮೂಗೊರೆಸಿಕೊಂಡಳು. “ನಾನೂ ನಿಮ್ಮಣ್ಣನೂ ಮುಖ ಮುಖ ನೋಡ್ಕೊಂಡ್ವಿ. ಇವನು ಹತ್ತು ನಿಮಿಷ ತಡ್ಕೊಂಡ, ಆಮೇಲೆ ಎದ್ದು ಹೋದ. ಕಿಟಕೀಲಿ ಕಂಡ, ನಲ್ಲಿ ಹತ್ರ ನಿಂತು ಮುಖ ತೊಳೀತಾನೇ ಇದ್ದ.”

“ನಾನು ಯಾಕೆ ನೋಡ್ಲಿಲ್ಲ ಇದನ್ನೆಲ್ಲ?” ಎಂದರು ಮ್ಯಾನೇಜರ್.

“ನೀವು ಬಂದು ಕೂತವರು ಮೊಬೈಲಿಂದ ಕತ್ತು ಎತ್ತಿದ್ರೆ ತಾನೆ? ಅವರು ಎದ್ದಿದ್ದೂ ನಿಮಗೆ ಗೊತ್ತಾಗ್ಲಿಲ್ಲ.”

“ಯಾರು ಎದ್ದಿದ್ದು?” ಮೇಡಂ ಕೇಳಿದರು.

ಟೈಲರಕ್ಕ ತಲೆಯಾಡಿಸಿದಳು. ಬಾಯಿ ತಪ್ಪಿ ಬಂದ ಮಾತನ್ನು ವಾಪಸು ನುಂಗುವವಳಂತೆ.

“ಹೇಳಿ.”

“ಕನ್ನಡಕ ತರ್ತೀನಿ ಅಂತ ಪಕ್ಕದ ಕೋಣೆಗೆ ಹೋದ್ರು.” ಅವಳು ದೊಡ್ಡಪ್ಪನ ಕಡೆ ನೋಡಲಿಲ್ಲ. “ಕನ್ನಡಕ ಕಣ್ಣ ಮೇಲೇ ಇತ್ತು. ಆಗಲೂ ಕಿರ್ರ್ ಅಂದದ್ದು ಕೇಳಿಸ್ತು.”

ದಿನಚರಿಯ ಪುಟ ನನ್ನ ಮುಂದೆ ತೆರೆದೇ ಇತ್ತು. ಕತ್ತಿ, ಕಣ್ಣು, ಕೀಲಿ, ಎಲೆ. ಯಾರು ಎದ್ದರು, ಯಾರು ಕೂತರು, ಎಲ್ಲ ಅದರಲ್ಲಿತ್ತು. ಆಟ ನಡೆಸುವ ದೊಡ್ಡಪ್ಪನಿಗೆ ಮಾತ್ರ ಮುದ್ರೆ ಇರಲಿಲ್ಲ. ಇಷ್ಟು ವರ್ಷ ಅದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಒಂದು ಕಂದು ಚಪ್ಪಲಿ, ಒಂದು ಕಪ್ಪು. ಕಳೆದ ತಿಂಗಳು ಎರಡು ಸಲ ಚಹಾ ಕುಡಿದು, ಯಾಕಿನ್ನೂ ಚಹಾ ಕೊಟ್ಟಿಲ್ಲ ಮಗಳೇ ಎಂದಿದ್ದು. ನಿಯಮಗಳ ಪುಸ್ತಕದ ಮೂರು ಪುಟಗಳಲ್ಲಿ ಒಂದೇ ನಿಯಮಕ್ಕೆ ಮೂರು ಬೇರೆ ಸಂಖ್ಯೆಗಳಿದ್ದದ್ದು. ಅದನ್ನು ನಾನು ಹಠ, ಪರಿಪೂರ್ಣತೆಯ ಹುಚ್ಚು ಎಂದುಕೊಂಡಿದ್ದೆ. ಎಲ್ಲವನ್ನೂ ನೋಡಿದ್ದೆ. ನೋಡಿದ್ದನ್ನು ಕೂಡಿಸಿರಲಿಲ್ಲ. ಅಣ್ಣ ಕೂಡಿಸಿದ್ದ. ಕೂಡಿಸಿದವನು ತನ್ನ ಮೂರು ಮಣಿ ಹಿಡಿದುಕೊಂಡು ಮುಂದೆ ಬಂದು ನಿಂತಿದ್ದ. ಹನ್ನೊಂದು ವರ್ಷದ ಕೆಲಸ ಕಟ್ಟಿದವರನ್ನು ಊರು ಅರಳುಮರಳು ಎನ್ನುವುದಕ್ಕಿಂತ ತನ್ನನ್ನು ಕಳ್ಳ ಎನ್ನಲಿ ಎಂದು.

ಕದ್ದವರು ಯಾರೂ ಇಲ್ಲದಿರಬಹುದು. ಇಟ್ಟವರಿಗೆ ಇಟ್ಟ ಜಾಗ ಮರೆತಿರಬಹುದು.

ಅಣ್ಣ ನನ್ನನ್ನೇ ನೋಡುತ್ತಿದ್ದ. ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದ. ನಾನು ಸುಮ್ಮನಿದ್ದರೆ ದೊಡ್ಡಪ್ಪನ ಮಾನ ಉಳಿಯುತ್ತದೆ, ಅಣ್ಣನಿಗೆ ಇನ್ನೊಂದು ಬಾಗಿಲು ಯಾವತ್ತೂ ತೆರೆಯುವುದಿಲ್ಲ. ಪುಸ್ತಕವೂ ಸಿಗುವುದಿಲ್ಲ.

ಹಸಿರು ಬಟ್ಟಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡೆ. ಹಿಡಿದುಕೊಳ್ಳಲು ಏನಾದರೂ ಬೇಕಿತ್ತು.

“ದೊಡ್ಡಪ್ಪ,” ಎಂದೆ. “ಮಂತ್ರಗಾತಿಗೆ ಈಗ ದೂರನೋಟ ಎಷ್ಟು ಸಲ?”

ಅವರು ಕಿಟಕಿಯಿಂದ ತಿರುಗಿದರು. ಎಷ್ಟೋ ಹೊತ್ತಿನ ಮೇಲೆ ತಮಗೆ ಉತ್ತರ ಗೊತ್ತಿರುವ ಪ್ರಶ್ನೆ ಬಂತೆಂಬಂತೆ ಅವರ ಮುಖ ಅರಳಿತು.

“ಎರಡು ಸಲ ಮಗಳೇ. ಮೊದಲಿಂದಲೂ ಎರಡೇ ಅಲ್ವಾ?”

ಟೈಲರಕ್ಕನ ಅಂಗೈ ಹಾಳೆಯ ಮೇಲೆ ಇನ್ನಷ್ಟು ಬಿಗಿಯಾಯಿತು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ದೊಡ್ಡಪ್ಪ ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅರಳಿದ್ದ ಮುಖ ನಿಧಾನವಾಗಿ ಏನನ್ನೋ ಹುಡುಕತೊಡಗಿತು. ಅವರ ಬಲಗೈ ಜೇಬಿನ ಮೇಲೆ, ಕೀಲಿ ಇರುವ ಜಾಗದ ಮೇಲೆ, ಬಂದು ನಿಂತಿತು.

ನಾನು ಅವರ ಪಕ್ಕಕ್ಕೆ ಹೋಗಿ ಮಂಡಿಯೂರಿದೆ.

“ದೊಡ್ಡಪ್ಪ, ಬುಧವಾರ ಬೀರು ತೆಗೆದು ಪುಸ್ತಕ ಎಲ್ಲಿಟ್ರಿ, ಸ್ವಲ್ಪ ನೆನಪು ಮಾಡ್ಕೊಂಡು ಹೇಳಿ.”